ಹುಣಸೆಮರದ ಹೊಲ

ಎರಡನೆಯ ಕೊಡದ ಬಾಯಿಗೆ ಬಟ್ಟೆ ಕಟ್ಟುವಾಗ ಗಂಟು ಸಡಿಲಾಯಿತು. ಶುಭಾಂಗಿ ಅದನ್ನು ಬಿಚ್ಚಿ, ಮತ್ತೆ ಎರಡು ಪದರ ಮಾಡಿ ಬಿಗಿದು, ಬಾವಿಯಿಂದ ಸೇದಿದ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯತೊಡಗಿದಳು. ಹಿಡಕಲ್‌ಗೆ ಹೋಗುವ ಬಸ್ಸು ಏಳೂವರೆಗೆ. ಹಿತ್ತಿಲ ಕಟ್ಟೆಯ ಮೇಲೆ ಕೂತ ಅತ್ತೆ ಇಂದುಬಾಯಿಯ ಕೈಯಲ್ಲಿ ಜಪಮಾಲೆ ಇದ್ದರೂ ಕಣ್ಣು ಬಟ್ಟೆಯ ಮೇಲೆಯೇ ಇತ್ತು. ಮನೆಗೆ ನಲ್ಲಿ ಬಂದು ಹದಿನೈದು ವರ್ಷವಾದರೂ ಕುಡಿಯುವ ನೀರು ಬಾವಿಯದೇ ಆಗಬೇಕು, ಸೋಸಿಯೇ ಕುಡಿಯಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಬಂದ ನೀರಿಗೇ ವಾಪಸು ಬಿಡಬೇಕು. ಅದಕ್ಕೆಂದೇ ತಳದಲ್ಲಿಯೂ ಒಂದು ಕೊಕ್ಕೆ ಇರುವ ತಾಮ್ರದ ಸಣ್ಣ ಬಕೀಟು ಇತ್ತು. ಬಟ್ಟೆಯನ್ನು ಅದರಲ್ಲಿ ಜಾಲಿಸಿ, ಹಗ್ಗದಲ್ಲಿ ನೀರಿನ ಮಟ್ಟದವರೆಗೆ ಇಳಿಸಿ, ತಳದ ಕೊಕ್ಕೆಗೆ ಕಟ್ಟಿದ ಎಳೆಯನ್ನು ಜಗ್ಗಿ, ಅಲ್ಲಿಯೇ ಅದನ್ನು ಬೋರಲು ಮಾಡಬೇಕು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದೆ. ಇಪ್ಪತ್ತಾರು ವರ್ಷಗಳಿಂದ ಇದನ್ನು ಮಾಡುತ್ತ ಬಂದ ಅವಳ ಕೈಗಳಿಗೆ ಹಗ್ಗದ ಎಷ್ಟನೆಯ ಗಂಟಿನ ಹತ್ತಿರ ನೀರು ಸಿಗುತ್ತದೆ ಎಂಬುದು ತಿಂಗಳು ತಿಂಗಳಿಗೂ ಗೊತ್ತು.

"ಸಾವಕಾಶ, ಶುಭಾ. ಇನ್ನೂ ನೀರ ಮುಟ್ಟಿಲ್ಲ ಅದು."

"ಮುಟ್ಟೇತ್ರಿ ಅತ್ತಿ."

"ಸಪ್ಪಳ ಬರಲಿಲ್ಲ."

ಅವಳು ಇನ್ನೊಂದು ಗೇಣು ಹಗ್ಗ ಬಿಟ್ಟಳು. ಕೆಳಗಿನಿಂದ ಸಣ್ಣ ಸಪ್ಪಳ ಬಂತು. ಎಂಟು ದಿನದ ಹಿಂದೆ ಇದೇ ಹೊತ್ತಿನಲ್ಲಿ, ಹೀಗೇ ಹಗ್ಗ ಹಿಡಿದು ಬಗ್ಗಿದ್ದಾಗ, ಹಿತ್ತಿಲ ಬಾಗಿಲಲ್ಲಿ ರಾಯವ್ವ ಬಂದು ನಿಂತಿದ್ದಳು. ಕೌಜಲಗಿಯ ಕುರಿ ಕಾಯುವ ಕೆಂಪವ್ವನ ಮಗಳು, ಇಪ್ಪತ್ತೆರಡರ ಹುಡುಗಿ. ಮೊದಲ ಬಸ್ಸಿಗೆ ಬಂದವಳು ಹೊಸ್ತಿಲು ದಾಟದೆ ಹೊರಗೇ ನಿಂತು, ಬಕೀಟು ಮೇಲೆ ಬರುವವರೆಗೂ ಬಾಯಿ ಬಿಡಲಿಲ್ಲ. ನಮ್ಮ ಕೆಲಸ ಮುಗಿಯುವವರೆಗೆ ಕಾಯಬೇಕೆಂದು ಅವರಿಗೆ ಯಾರು ಕಲಿಸಿದರೋ ಎಂದು ಶುಭಾಂಗಿಗೆ ಆಗ ಅನ್ನಿಸಿ, ಕಲಿಸಿದ್ದು ಈ ಮನೆಯೇ ಎಂದು ಗೊತ್ತಾಗಿ, ಹಗ್ಗವನ್ನು ಬೇಕೆಂದೇ ನಿಧಾನ ಎಳೆದಿದ್ದಳು. ರಾಯವ್ವ ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಅಕ್ಕಾರ, ಈ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ಗೋಕಾಕ ಕೋರ್ಟಿನ್ಯಾಗ ತಾರೀಖ ಐತ್ರಿ. ಟ್ರ್ಯಾಕ್ಟರಿನವರು ಬ್ರೇಕ್ ಫೇಲ್ ಆತಂತ ಹೇಳಾಕತ್ತಾರ. ನಮ್ಮವ್ವ ಉಸುಕಿನ ಸುದ್ದಿ ನಿಮಗ ಹೇಳಿದ್ಲು, ಅದಕ್ಕ ಅವರು ಕುರಿ ಮ್ಯಾಲ ಹಾಯಿಸಿದ್ರು ಅನ್ನೂದನ್ನ ನೀವೊಬ್ರು ಬಂದು ಹೇಳಿದ್ರ ಸಾಕಂತ ವಕೀಲರು ಅಂದ್ರು." ಶುಭಾಂಗಿ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಹೇಳಿದ್ದಳು: "ನೋಡವಾ ರಾಯವ್ವ, ನಮ್ಮ ಪೇಪರಿನ ಕೆಲಸದಾಗ ಒಂದು ನೇಮ ಇರತೈತಿ. ಸುದ್ದಿ ಕೊಟ್ಟವರ ಹೆಸರು ಎಲ್ಲಿಯೂ ಹೇಳೂಹಂಗಿಲ್ಲ. ಕೋರ್ಟಿನ್ಯಾಗೂ." ರಾಯವ್ವ ಅವಳನ್ನೇ ನೋಡಿದಳು. "ಹೇಳ್ರಿ ಅಂತ ನಮ್ಮವ್ವನೇ ಕಳಿಸ್ಯಾಳರಿ," ಎಂದಳು. ಆಮೇಲೆ, ಕಾದು ನೋಡಿ, ಬಂದ ದಾರಿಯಲ್ಲೇ ಹೋದಳು. ಚಹ ಕುಡಿದು ಹೋಗು ಎಂದು ಕೂಗಿದ್ದು ಇಂದುಬಾಯಿ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚೀಲದಲ್ಲಿ ನಿನ್ನೆ ತರಬೇತಿಯಲ್ಲಿ ಕೊಟ್ಟ ಗುಲಾಬಿ ಬಣ್ಣದ ಕಾರ್ಡುಗಳ ಕಟ್ಟು ಇತ್ತು. ಅಪಾಯದ ಜಾಗಕ್ಕೆ ಹೋಗುವ ಮುಂಚೆ ಪತ್ರಕರ್ತರು ತುಂಬಿ ಮನೆಯಲ್ಲಿ ಇಟ್ಟು ಹೋಗಬೇಕಾದ ಕಾರ್ಡು. ಅದರಲ್ಲಿ ಮೂರೇ ಸಾಲು: ಎಲ್ಲಿಗೆ, ಯಾರನ್ನು ಕಾಣಲು, ಎಷ್ಟು ಹೊತ್ತಿಗೆ ವಾಪಸು. ಅದನ್ನು ನೋಡಿ ಅವಳಿಗೆ ನಗು ಬಂದಿತ್ತು. ಹದಿನಾಲ್ಕು ವರ್ಷಗಳಿಂದ, ಬೆಳಗಾವಿಯ ಪತ್ರಿಕೆಗೆ ಗೋಕಾಕದಿಂದ ಸುದ್ದಿ ಬರೆಯತೊಡಗಿದಂದಿನಿಂದ, ಆ ಮೂರು ಪ್ರಶ್ನೆಗಳಿಗೆ ಉತ್ತರ ಹೇಳದೆ ಅವಳು ಹೊಸ್ತಿಲು ದಾಟಿದ್ದೇ ಇಲ್ಲ. ಮನೆಯಲ್ಲಿ ಹೇಳದಿದ್ದರೂ ಊರೇ ಹೇಳುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಕೂತ ಗಂಡ ವರ್ಧಮಾನನಿಗೆ, ಅವಳ ಸ್ಕೂಟರು ಮೂಡಲಗಿ ದಾರಿ ಹಿಡಿದದ್ದು ಅವಳು ಊರು ದಾಟುವ ಮುಂಚೆಯೇ ತಿಳಿದಿರುತ್ತಿತ್ತು. ಇದನ್ನು ಸುರಕ್ಷತೆ ಎನ್ನುತ್ತಾರೆಂದು ನಿನ್ನೆಯೇ ಅವಳಿಗೆ ಗೊತ್ತಾದದ್ದು.

ಹಿಡಕಲ್‌ನ ಅಣೆಕಟ್ಟಿನ ಹತ್ತಿರದ ಪ್ರವಾಸಿ ಬಂಗಲೆಯ ಹಾಲಿನಲ್ಲಿ ಬ್ಯಾನರಿನ ಒಂದು ತುದಿ ಕಳಚಿ ನೇತಾಡುತ್ತಿತ್ತು. 'ಅಪಾಯದ ಪರಿಸರದಲ್ಲಿ ಪತ್ರಕರ್ತರ ಸುರಕ್ಷತೆ: ಎರಡು ದಿನಗಳ ತರಬೇತಿ, ನವೆಂಬರ್ ೨೦೦೪.' ಹದಿನೇಳು ಜನರಲ್ಲಿ ಹೆಂಗಸು ಅವಳೊಬ್ಬಳೇ. ಕಲಿಸುವವರು ಪುಣೆಯಿಂದ ಬಂದ ನಿವೃತ್ತ ಮೇಜರ್. ಅವರಿಗೆ ಕನ್ನಡ ಬಾರದು. ಜೈನರ ಮನೆಯವಳು, ಮರಾಠಿ ಬರುತ್ತದೆ ಎಂದು ನಿನ್ನೆ ಮೊದಲ ತಾಸಿನಲ್ಲೇ ಅವಳನ್ನು ಎಬ್ಬಿಸಿ ಮೇಜರ್ ಪಕ್ಕ ನಿಲ್ಲಿಸಿದ್ದರು. ಕಲಿಯಲು ಬಂದವಳು ಎರಡು ದಿನವೂ ನಿಂತೇ ಇರಬೇಕಾಯಿತು. ಗಾಯಕ್ಕೆ ಪಟ್ಟಿ ಕಟ್ಟುವ ಪಾಠದಲ್ಲಿ ಇಬ್ಬಿಬ್ಬರ ಜೋಡಿ ಮಾಡಿದಾಗ ಅವಳ ಜೋಡಿಯಾಗಲು ಯಾರೂ ಬರಲಿಲ್ಲ, ಅವಳೂ ಯಾರ ಕಡೆಗೂ ನೋಡಲಿಲ್ಲ. ಮೇಜರ್ ಸ್ವಲ್ಪ ಹೊತ್ತು ಯೋಚಿಸಿ, ನೀವು ಆಸ್ಪತ್ರೆಗೆ ಫೋನು ಮಾಡುವವರು ಎಂದರು. ಗಂಡಸರು ಒಬ್ಬರನ್ನೊಬ್ಬರು ಹಾಸಿಗೆ ಚಾದರದಲ್ಲಿ ಹೊತ್ತು ಹಾಲಿನ ತುಂಬ ನಗುತ್ತ ಓಡಾಡುವಾಗ ಅವಳು ಮೂಲೆಯಲ್ಲಿ ಇಲ್ಲದ ಫೋನನ್ನು ಕಿವಿಗೆ ಹಿಡಿದು ನಿಂತಿದ್ದಳು. ಗುಂಡು ತಾಗದ ಜಾಕೀಟು ಒಂದು ಬಂದಿತ್ತು, ಎಲ್ಲರೂ ಸರದಿಯಲ್ಲಿ ತೊಟ್ಟು ಫೋಟೋ ತೆಗೆಸಿಕೊಂಡರು. ಹುಕ್ಕೇರಿಯ ವರದಿಗಾರನೊಬ್ಬ, "ಇದನ್ನ ಹಾಕ್ಕೊಂಡ ಮನಿಗೆ ಹೋಗತೇನ್ರಿ ಸಾಹೇಬ್ರ, ಇಲ್ಲಿಗಿಂತ ಅಲ್ಲಿ ಅಪಾಯ ಭಾಳ," ಎಂದಾಗ ನಗುವಿನಲ್ಲಿ ಮೇಜರ್ ತಾವೂ ಸೇರಿ, ಏನಂದ ಎಂದು ಅವಳನ್ನು ಕೇಳಿದರು. ಅವಳು ಅದನ್ನೂ ಮರಾಠಿಗೆ ತಿರುಗಿಸಿದಳು. ತಿರುಗಿಸಿದಾಗ ಅದರಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ಇವತ್ತು ಬೆಳಗಿನ ಪಾಠಕ್ಕೆ ಮುಂಚೆ ಪ್ರಣಿತಾ ಅವಳ ಹತ್ತಿರ ಬಂದಳು. ತರಬೇತಿ ಏರ್ಪಡಿಸಿದ ಸಂಸ್ಥೆಯ ಹುಡುಗಿ, ಬೆಳಗಾವಿಯವಳು, ಶುಭಾಂಗಿಯನ್ನು ಮಾತಾಡಿಸುವಾಗ ದನಿಯನ್ನು ಸ್ವಲ್ಪ ತಗ್ಗಿಸುತ್ತಿದ್ದಳು. "ಮೇಡಂ, ನಿಮ್ಮ ಅನುಭವ ಒಂದ ಹತ್ತು ನಿಮಿಷ ಹೇಳ್ರಿ. ಎಲ್ಲಾರಿಗೂ ಧೈರ್ಯ ಬರತೈತಿ." ಅನುಭವ ಎಂದರೆ ಕ್ಯಾಮರಾದ ಕತೆ. ಏಪ್ರಿಲ್ ತಿಂಗಳಲ್ಲಿ, ಹೊಳೆಯಿಂದ ಕದ್ದು ಉಸುಕು ಸಾಗಿಸುವವರ ವರದಿ ಬಂದು ನಾಲ್ಕನೆಯ ದಿನ, ಮೂಡಲಗಿ ದಾರಿಯಲ್ಲಿ ಮೂವರು ಅವಳ ಸ್ಕೂಟರಿಗೆ ಅಡ್ಡ ನಿಂತು ಕ್ಯಾಮರಾ ಕಸಿದು ಹೊಳೆಗೆ ಎಸೆದದ್ದು. 'ನಮ್ಮ ವರದಿಗಾರ್ತಿಯ ಮೇಲೆ ಹಲ್ಲೆ' ಎಂದು ಮೊದಲ ಪುಟದಲ್ಲಿ ಬಂದಿತ್ತು. ಬೆಳಗಾವಿಯಲ್ಲಿ ಶಾಲು ಹೊದಿಸಿದ್ದರು. ಅವಳು ಇವತ್ತಿನದೂ ಸೇರಿ ಐದು ಸಲ ಅದನ್ನು ಹೇಳಿದ್ದಳು, ಪ್ರತಿ ಸಲವೂ ಕತೆ ಸ್ವಲ್ಪ ಸ್ವಲ್ಪ ನಯವಾಗುತ್ತ ಬಂದಿತ್ತು. ಎಲ್ಲಿ ನಿಲ್ಲಿಸಿದರೆ ಎದುರಿನವರು ಉಸಿರು ಹಿಡಿಯುತ್ತಾರೆ ಎಂಬುದು ಈಗ ಗೊತ್ತು. ಅಲ್ಲಿ ನಿಲ್ಲಿಸಿದಳು. ಉಸಿರು ಹಿಡಿದರು. ಹೇಳದೆ ಬಿಟ್ಟದ್ದು ಯಾವಾಗಲೂ ಒಂದೇ. ಆ ಮೂವರಲ್ಲಿ ಕಿರಿಯವನು ಮನೆಯ ಅತ್ತಿಗೆಯನ್ನು ಕೇಳುವಂತೆ ಕೈ ಚಾಚಿ, "ವೈನಿ, ಕೊಡ್ರಿ," ಎಂದಿದ್ದ. ಕಸಿದಿರಲಿಲ್ಲ. ಅವಳೇ ಕೊರಳಿಂದ ತೆಗೆದು ಕೊಟ್ಟಿದ್ದಳು. ಎಸೆದ ಮೇಲೆ ಅವಳ ಸ್ಕೂಟರು ಚಾಲೂ ಆಗಲಿಲ್ಲ. ಅವನೇ ಬಂದು, "ಸರೀರಿ ವೈನಿ," ಎಂದು ಕಿಕ್ ಹೊಡೆದು ಚಾಲೂ ಮಾಡಿಕೊಟ್ಟ. "ಸಾವಕಾಶ ಹೋಗ್ರಿ, ಮುಂದ ಹಾದಿ ಕೆಟ್ಟೈತಿ." ಅವಳು ಅವನಿಗೆ ತಲೆಯಾಡಿಸಿದ್ದಳು. ಕೃತಜ್ಞತೆಯಿಂದ. ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅದೇ ವಾರ, ಮೊದಲ ಪುಟದಲ್ಲಿ ಅವಳ ಸುದ್ದಿ ಬಂದ ಮೂರನೆಯ ದಿನ, ಐದನೆಯ ಪುಟದ ಕೆಳಗೆ ನಾಲ್ಕು ಸಾಲು ಬಂದಿತ್ತು. ಉಸುಕಿನ ಟ್ರ್ಯಾಕ್ಟರಿನ ಬ್ರೇಕ್ ವಿಫಲವಾಗಿ ಹೊಲದಲ್ಲಿದ್ದ ಕುರಿ ಹಿಂಡಿನ ಮೇಲೆ ಹಾಯ್ದು ಹದಿನಾಲ್ಕು ಕುರಿಗಳು ಸತ್ತಿವೆ, ಮಹಿಳೆಯೊಬ್ಬಳ ಕಾಲಿಗೆ ಪೆಟ್ಟಾಗಿದೆ. ಆ ನಾಲ್ಕು ಸಾಲು ಬರೆದವಳೂ ಅವಳೇ. ಪೊಲೀಸರು ಕೊಟ್ಟ ಹಾಳೆಯಲ್ಲಿ ಹಾಗೇ ಇತ್ತು. ಹೆಸರು ಅವಳಿಗೆ ಗೊತ್ತಿದ್ದರೂ 'ಮಹಿಳೆಯೊಬ್ಬಳ' ಎಂದೇ ಬರೆದಿದ್ದಳು. ಅದು ಎರಡನೆಯ ಸಲ. ಮೊದಲನೆಯದು ಉಸುಕಿನ ವರದಿಯಲ್ಲಿ.

ಮಧ್ಯಾಹ್ನದ ಊಟವಾದ ಮೇಲೆ ಪಾಠ ಸುದ್ದಿಮೂಲದ ಬಗ್ಗೆ. ಮೇಜರ್ ಹಲಗೆಯ ಮೇಲೆ ಒಂದು ಮನುಷ್ಯನ ಚಿತ್ರ ಬರೆದು ಅದಕ್ಕೆ ಮುಖ ಹಾಕದೆ ಬಿಟ್ಟರು. ನೀವು ಜಾಕೀಟು ತೊಟ್ಟಿರುತ್ತೀರಿ, ನಿಮಗೆ ಮಾಹಿತಿ ಕೊಟ್ಟವನು ಬರಿಮೈಯಲ್ಲಿ ಇರುತ್ತಾನೆ ಎಂದರು. ಅವಳು ಕನ್ನಡದಲ್ಲಿ ಹೇಳಿದಳು. ಹೆಸರನ್ನು ಎಂದೂ ಬರೆಯಬಾರದು ಎಂದರು. ಹೇಳಿದಳು. ಆಮೇಲೆ ಮೇಜರ್ ಸೀಮೆಸುಣ್ಣವನ್ನು ಕೆಳಗಿಟ್ಟು, ಕೈ ಒರಸಿಕೊಂಡು, ಬೇರೆಯೇ ದನಿಯಲ್ಲಿ ಹೇಳಿದರು: "ಹೆಸರು ಬಿಟ್ಟೆ, ನನ್ನ ಜವಾಬ್ದಾರಿ ತೀರಿತು ಅಂದುಕೊಳ್ಳಬೇಡಿ. ಯಾವ ಹೊಲ, ಯಾವ ಹೊತ್ತು, ಬಾಗಿಲಿಗೆ ಯಾವ ಮರ, ಇಷ್ಟು ಸಾಕು ಊರಿನವರಿಗೆ. ವರದಿ ಚೆಂದವಾಗಲಿ ಎಂದು ನೀವು ಸೇರಿಸಿದ ಒಂದು ವಿವರಕ್ಕೆ ಇನ್ನೊಬ್ಬರು ಬೆಲೆ ತೆರುತ್ತಾರೆ. ಅದು ನೀವು ಹೆಸರು ಹೇಳಿದಂತೆಯೇ."

ಹದಿನಾರು ಜನ ಪೆನ್ನು ಹಿಡಿದು ಅವಳ ಮುಖ ನೋಡುತ್ತಿದ್ದರು. ಹುಣಸೆಮರದ ಆ ಹೊಲ ಅವಳಿಗೆ ಆ ಕ್ಷಣದಲ್ಲಿ ಹಾಲಿನ ಗೋಡೆಗಿಂತ ಸ್ಪಷ್ಟವಾಗಿ ಕಂಡಿತು. ಸುಗ್ಗಿ ಮುಗಿದ ಮೇಲೆ ಹೊಳೆಸಾಲಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಯಾರ ಹಿಂಡು, ಯಾರ ಹೊಲದಲ್ಲಿ, ಎಷ್ಟು ರಾತ್ರಿ ಎಂಬುದು ತಿಂಗಳ ಮುಂಚೆಯೇ ಸರದಿಯ ಪ್ರಕಾರ ಗೊತ್ತಾಗಿರುತ್ತದೆ, ಆ ಸರದಿ ಊರಿನ ಸಣ್ಣ ಮಕ್ಕಳಿಗೂ ಬಾಯಿಪಾಠ. ಕೆಂಪವ್ವನ ಹಿಂಡನ್ನು ಆ ಬೇಸಿಗೆಯಲ್ಲಿ ಮೊದಲು ತಮ್ಮದೇ ಹೊಲಕ್ಕೆ ಕರೆಸಿದವರು ಇಂದುಬಾಯಿ. ಎಂಟು ರಾತ್ರಿ ತಮ್ಮ ಹೊಲ, ಆಮೇಲೆ ಪಕ್ಕದ ಹುಣಸೆಮರದ ಹೊಲ. ಅಲ್ಲಿಂದಲೇ ಕೆಂಪವ್ವ ರಾತ್ರಿ ರಾತ್ರಿ ಹೊಳೆಗಿಳಿಯುವ ಟ್ರ್ಯಾಕ್ಟರುಗಳನ್ನು ಎಣಿಸಿದ್ದಳು. ಹಗಲಲ್ಲಿ ಶುಭಾಂಗಿ ಹೋದಾಗ ಒಂದೊಂದರ ಬಣ್ಣ ಹೇಳಿದ್ದಳು, ಯಾವುದರ ದೀಪ ಒಂದೇ ಹತ್ತುತ್ತದೆ ಎಂದು ಹೇಳಿದ್ದಳು. "ನನ್ನ ಹೆಸರ ಹಾಕ್ರಿ ಅಕ್ಕಾರ. ಕೆಂಪವ್ವ ಬೀರಸಿದ್ದಪ್ಪ ಅಂತ ಪೂರಾ ಹಾಕ್ರಿ. ನನ್ನ ಗಂಡನ ಹೆಸರೂ ಒಮ್ಮೆ ಪೇಪರಿನ್ಯಾಗ ಬರಲಿ, ಸತ್ತ ಮ್ಯಾಲರೆ." ಶುಭಾಂಗಿ ವರದಿ ಪುಸ್ತಕದಲ್ಲಿ ಹೆಸರು ಬರೆದುಕೊಂಡಳು. ಎಲ್ಲಿ ಬರೆದಿರಿ ತೋರಿಸಿ ಎಂದು ಕೆಂಪವ್ವ ಅದರ ಮೇಲೆ ಬೆರಳಿಟ್ಟು ನೋಡಿದಳು, ಓದಲು ಬಾರದಿದ್ದರೂ. ಬೆರಳಿನ ಜಿಡ್ಡು ಹಾಳೆಗೆ ಹತ್ತಿತು. "ಬ್ಯಾಡವಾ, ನಿನಗ ತ್ರಾಸ ಆಗತೈತಿ," ಎಂದು ದೊಡ್ಡವಳಂತೆ ಹೇಳಿ ಎದ್ದು ಬಂದಿದ್ದಳು ಶುಭಾಂಗಿ. ಮನೆಗೆ ಬಂದು ಬರೆದಿದ್ದಳು: 'ಹೊಳೆದಂಡೆಯ ಹುಣಸೆಮರದ ಹೊಲದಲ್ಲಿ ಕುರಿಗಳ ನಡುವೆ ಎಚ್ಚರವಿದ್ದ ಮಹಿಳೆಯೊಬ್ಬಳು ಆ ರಾತ್ರಿ ಎಣಿಸಿದ ಟ್ರ್ಯಾಕ್ಟರುಗಳು ಮೂವತ್ತೊಂದು.' ಮರ ಬರೆದ ಕೂಡಲೇ ವಾಕ್ಯಕ್ಕೆ ಒಂದು ತೂಕ ಬಂದಿತ್ತು. ಅದನ್ನು ತೆಗೆದು ಓದಿ ನೋಡಿದಳು, ಸಪ್ಪೆಯಾಯಿತು. ಮತ್ತೆ ಹಾಕಿದಳು. ತೆಗೆದು ನೋಡಿದ್ದಳು ಎನ್ನುವುದೇ ಆಮೇಲೆ ಅವಳನ್ನು ಬಿಡದೆ ಕಾಡಿದ್ದು. ಗೊತ್ತಿಲ್ಲದೆ ಆದದ್ದು ಎನ್ನುವ ಹಾಗಿರಲಿಲ್ಲ. ಸಂಪಾದಕರು ಫೋನು ಮಾಡಿ, ಆ ಮರ, ಆ ಕುರಿ, ಕಣ್ಣಿಗೆ ಕಟ್ಟಿದಂಗ ಬರದೀರಿ ಮೇಡಂ ಎಂದಿದ್ದರು. ಅವಳ ಕಣ್ಣು ತುಂಬಿತ್ತು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಯಾರೋ ಅವಳ ಒಂದು ವಾಕ್ಯವನ್ನು ಹೊಗಳಿದ್ದರು.

"ಏನಂದ್ರರಿ ಸಾಹೇಬ್ರು?" ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಹೆಸರು ಎಂದೂ ಬರೀಬ್ಯಾಡ್ರಿ ಅಂತಾರ. ಅದನ್ನ ಮತ್ತ ಮತ್ತ ಹೇಳಾಕತ್ತಾರ," ಎಂದಳು ಶುಭಾಂಗಿ.

ಪೆನ್ನುಗಳು ಬರೆದುಕೊಂಡವು. ಮೇಜರ್ ತೃಪ್ತಿಯಿಂದ ಮುಂದಕ್ಕೆ ಹೋದರು. ನ್ಯಾಯಾಲಯ ಕೇಳಿದರೂ ಮೂಲವನ್ನು ಬಿಟ್ಟುಕೊಡಬಾರದು, ಅದು ಈ ವೃತ್ತಿಯ ಮಾನ ಎಂದರು. ಅದನ್ನು ಅವಳು ಒಂದು ಅಕ್ಷರವೂ ಬಿಡದೆ, ಮೇಜರ್ ಹೇಳಿದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. ಹೇಳುತ್ತಿರುವಾಗ ತನ್ನ ದನಿ ತನಗೇ ಚೆಂದ ಕೇಳಿಸಿತು. ಎರಡನೆಯ ಸಾಲಿನಲ್ಲಿ ಮೂಡಲಗಿಯ ವರದಿಗಾರ ಭೀಮರಾಯ ಬರೆದುಕೊಳ್ಳದೆ ಪೆನ್ನಿನ ಮುಚ್ಚಳ ಹಾಕಿ ಕೂತಿದ್ದ.

ಚಹದ ಹೊತ್ತಿಗೆ ಎಲ್ಲರೂ ಹೊರಗೆ ಬಂದರು. ಅಣೆಕಟ್ಟಿನ ಹಿನ್ನೀರು ಬಿಸಿಲಿಗೆ ತವರದ ತಗಡಿನಂತೆ ಹೊಳೆಯುತ್ತಿತ್ತು, ದೂರದಲ್ಲಿ ಒಂದು ಮೀನಿನ ದೋಣಿ ನಿಂತಲ್ಲೇ ನಿಂತಿತ್ತು. ಅವಳು ಕಂಬಿಯ ಹತ್ತಿರ ಒಬ್ಬಳೇ ನಿಂತಾಗ ಭೀಮರಾಯ ಕಪ್ಪು ಹಿಡಿದು ಬಂದ.

"ಅಕ್ಕಾರ, ಚಾ ಆರತೈತಿ, ತಗೋರಿ. ಎರಡ ದಿನ ನಿಮ್ಮ ಗಂಟಲ ಹರದ ಹೋಗೇತಿ." ಅವಳು ಕಪ್ಪು ತೆಗೆದುಕೊಂಡಳು. ಅವನು ನೀರಿನ ಕಡೆ ನೋಡುತ್ತ ಹೇಳಿದ, "ಸಾಹೇಬ್ರ ಮಾತಿನ್ಯಾಗ ಒಂದ ತುಂಡ ಬಿಟ್ರಿ ನೀವು."

"ನಿಮಗ ಮರಾಠಿ ಬರತೈತಂತ ಗೊತ್ತಿರಲಿಲ್ಲ."

"ಎಂಟ ವರ್ಷ ನಮ್ಮಪ್ಪನ ಕುರಿ ಹಿಂದ ಮಿರಜ, ಸಾಂಗ್ಲಿ ಎಲ್ಲಾ ತಿರಗೇನ್ರಿ. ಸಾಲಿ ಮೆಟ್ಟಲ ಹತ್ತೂಕಿಂತ ಮೊದಲ ಮರಾಠಿ ಬೈಗುಳ ಕಲತೇನಿ." ಅವನು ನಕ್ಕ. ಅವಳು ನಗಲಿಲ್ಲ. "ಹೆದರಬ್ಯಾಡ್ರಿ, ನಾ ಯಾರಿಗೂ ಹೇಳೂದಿಲ್ಲ. ನಂದೇನ ಬ್ಯಾರೆ ಐತೇನು? ಕೆಂಪವ್ವ ನನಗ ಸೋದರತ್ತಿ ಆಗಬೇಕು. ನಾನೂ ನನ್ನ ಪೇಪರಿನ್ಯಾಗ ಬ್ರೇಕ್ ಫೇಲ್ ಅಂತನ ಬರದೇನಿ."

"ಯಾಕ?"

"ನನ್ನ ತಮ್ಮ ಅವರದ ಟ್ರ್ಯಾಕ್ಟರ್ ಹೊಡೀತಾನ್ರಿ."

ಅವನು ತನ್ನ ಚಹವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ. ಅವಳಿಗೆ ಅವನ ಮೇಲೆ ಒಂದು ಬಗೆಯ ಪ್ರೀತಿ ಬಂತು, ಕೂಡಲೇ ಅದರ ಬಗ್ಗೆ ಅಸಹ್ಯವೂ ಬಂತು. ಇಬ್ಬರು ತಪ್ಪಿತಸ್ಥರು ಕಂಬಿಯ ಹತ್ತಿರ ಚಹ ಕುಡಿಯುತ್ತ ಹಗುರಾಗುವುದು ಎಷ್ಟು ಸುಲಭ.

"ರಾಯವ್ವ ಕೋರ್ಟಿಗೆ ಕರದಾಳ, ಆದ್ರ ನಾ ಹೇಳೂಹಂಗಿಲ್ಲ ಭೀಮರಾಯಪ್ಪ. ಈಗ ನೀವ ಕೇಳಿದ್ರಲ್ಲಾ, ಕೋರ್ಟಿನ್ಯಾಗೂ ಮೂಲ ಹೇಳಬಾರದಂತ."

"ಕೇಳೇನ್ರಿ. ಭಾಳ ಚಲೋ ಹೇಳಿದ್ರಿ ನೀವು." ಅವನು ಖಾಲಿ ಕಪ್ಪನ್ನು ಕಂಬಿಯ ಮೇಲಿಟ್ಟ. "ಆಕಿ ಹೇಳಿದ್ಲಂತ ಊರಿಗೆಲ್ಲಾ ಗೊತ್ತೈತಿ. ಟ್ರ್ಯಾಕ್ಟರಿನವರಿಗೆ ಗೊತ್ತೈತಿ. ಸತ್ತ ಕುರಿಗೂ ಗೊತ್ತೈತಿ. ಕೋರ್ಟಿಗೆ ಒಂದ ಗೊತ್ತಿಲ್ಲ. ಮತ್ತ ನೀವು ಯಾರಿಂದ ಮುಚ್ಚಿಡಾಕತ್ತೀರಿ, ಅಕ್ಕಾರ?"

ಉತ್ತರಕ್ಕೆ ಕಾಯದೆ ಅವನು ಹೋದ. ಕಾಯುವವರು, ಕಾಯದವರು ಎಲ್ಲರೂ ಒಂದೇ ಮಾತನ್ನು ಹೇಳಿ ಹೋಗುತ್ತಿದ್ದರು.

ಸಂಜೆ ನಾಲ್ಕಕ್ಕೆ ಪ್ರಮಾಣಪತ್ರ ಹಂಚಿದರು. ಅದರ ಜೊತೆ ಒಂದು ಫಾರಮ್ಮು ತುಂಬಿ ಕೊಡಬೇಕಿತ್ತು. ನಿಮ್ಮ ಮೇಲೆ ನಡೆದ ದಾಳಿಯ ವಿವರ, ಕಳೆದುಕೊಂಡ ವಸ್ತು, ಆದ ಗಾಯ. ವಸ್ತು ಎಂಬಲ್ಲಿ ಕ್ಯಾಮರಾ ಎಂದು ಬರೆದಳು. ಗಾಯ ಎಂಬಲ್ಲಿ ಪೆನ್ನು ನಿಂತಿತು. ಕೆಂಪವ್ವನ ಎಡಗಾಲು ಮೊಣಕಾಲಿನ ಕೆಳಗೆ ಒಣಗಿದ ಕೊಂಬೆಯಂತಾಗಿದೆ ಎಂದು ರಾಯವ್ವ ಹೇಳಿದ್ದಳು. ಶುಭಾಂಗಿ ಕಣ್ಣಾರೆ ನೋಡಿರಲಿಲ್ಲ. ಏಪ್ರಿಲ್‌ನಿಂದ ಕೌಜಲಗಿಯ ಕಡೆಯ ಒಂದು ಸುದ್ದಿಗೂ ಅವಳು ತಾನೇ ಹೋಗಿರಲಿಲ್ಲ, ಫೋನಿನಲ್ಲೇ ಮುಗಿಸುತ್ತಿದ್ದಳು. ಫಾರಮ್ಮಿನಲ್ಲಿ ಬೇರೆ ಯಾರದಾದರೂ ಹೆಸರು ಬರೆಯಲು ಜಾಗ ಇದೆಯೇ ಎಂದು ಹಿಂದೆ ತಿರುಗಿಸಿ ನೋಡಿದಳು. ಹಿಂಬದಿ ಖಾಲಿ ಇತ್ತು. ಪತ್ರಕರ್ತರ ಫಾರಮ್ಮು ಅದು. 'ಇಲ್ಲ' ಎಂದು ಬರೆದು ಕೊಟ್ಟಳು.

"ಮೇಡಂ, ಮಂಗಳವಾರ ಹುಕ್ಕೇರಿಯೊಳಗ ಇದ ತರಬೇತಿ ಒಂದ ದಿನದ್ದು ಐತಿ," ಎಂದಳು ಪ್ರಣಿತಾ. "ನೀವು ಬರೇ ದುಭಾಷಿ ಅಲ್ಲ, ಕಲಿಸೂವರಾಗಿ ಬರಬೇಕು. ಕ್ಯಾಮರಾದ ಕತಿ ಹೇಳ್ರಿ, ಮೂಲದ ಪಾಠ ನೀವ ಮಾಡ್ರಿ. ಮೇಜರ್ ಸಾಹೇಬ್ರೂ ಅದನ್ನ ಅಂದ್ರು, ಆ ಪಾಠ ನಿಮ್ಮಷ್ಟು ಮನಸ್ಸಿಗೆ ಹಚ್ಚಿಕೊಂಡು ಯಾರೂ ಹೇಳಿಲ್ಲಂತ."

ಮಂಗಳವಾರ. ಅವಳ ಮೈಯಿಂದ ಯಾವುದೋ ಭಾರ ಇಳಿದಂತಾಯಿತು. ಕೋರ್ಟಿನ ತಾರೀಖಿನಂದು ಅವಳು ಊರಲ್ಲೇ ಇರುವುದಿಲ್ಲ. ರಾಯವ್ವ ಮತ್ತೆ ಬಂದರೂ ಹೇಳಬಹುದು, ಮೊದಲೇ ಒಪ್ಪಿಕೊಂಡಿದ್ದೆ ಎಂದು. ಅದು ಸುಳ್ಳೂ ಅಲ್ಲ. "ಬರ್ತೀನಿ," ಎಂದಳು, ಎಷ್ಟು ಬೇಗ ಎಂದರೆ ಪ್ರಣಿತಾ ಅವಳ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಮರಳುವಾಗ ಆ ಹಗುರ ಉಳಿಯಲಿಲ್ಲ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳ ಸೀರೆಗೆ ಕುರಿಯ ವಾಸನೆ ಇತ್ತು, ಅವಳು ಒಂದು ತಾಸು ಮುಖವನ್ನು ಕಿಟಕಿಯ ಕಡೆಗೇ ಮಾಡಿ ಕೂತಳು.

ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಆದ್ದರಿಂದ ಬಂದವಳೇ ಕೈಕಾಲು ತೊಳೆದು ಬಡಿಸಿದಳು. ವರ್ಧಮಾನ ಪ್ರಮಾಣಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದ. ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ ಎಂದ. ಅವನು ಅವಳ ಬಗ್ಗೆ ಹೆಮ್ಮೆಪಡುವ ಗಂಡ, ಗೋಕಾಕದಲ್ಲಿ ಅಂಥವರು ಹೆಚ್ಚಿಲ್ಲ. ರೊಟ್ಟಿ ಮುರಿಯುತ್ತ ನೆನಪಾದವನಂತೆ ಹೇಳಿದ, "ನಿನ್ನೆ ಆ ಹುಡುಗ ಅಂಗಡಿಗೆ ಬಂದಿದ್ದ, ಉಸುಕಿನವರ ಹುಡುಗ. ತಂಗಿ ಮದುವಿ ಐತಂತ. ಸೀರಿ ಎಲ್ಲಾ ನಮ್ಮಲ್ಲೇ ತಗೊಂಡ. ವೈನಿ ಆರಾಮ ಅದಾರೇನ್ರಿ ಅಂತ ಕೇಳಿದ."

"ನೀವೇನ ಅಂದ್ರಿ?"

"ಆರಾಮ ಅದಾಳ ಅಂದೆ. ಮತ್ತೇನ ಅನ್ನಲಿ? ಒಳ್ಳೇ ಹುಡುಗ. ಆವತ್ತ ಏನೋ ದುಡುಕ್ಯಾನ."

"ಆ ಕೆಂಪವ್ವ ಮುಂದಿನ ಬ್ಯಾಸಗಿಗೆ ಬರೂದಿಲ್ಲೇನು?" ಇಂದುಬಾಯಿ ಒಲೆಯ ಹತ್ತಿರದಿಂದ ಕೇಳಿದರು. "ಆಕಿ ಕುರಿ ನಿಂತ ಹೊಲ ಎಷ್ಟ ಚಲೋ ಬರತಿತ್ತು. ಬ್ಯಾರೆ ಯಾರಿಗರೆ ಹೇಳಬೇಕು, ವರ್ಧಮಾನ."

"ಹೇಳೇನಿ," ಎಂದ ಅವನು.

ಶುಭಾಂಗಿ ಎಲ್ಲರ ತಾಟು ಎತ್ತಿ ಒಳಗೆ ಒಯ್ದಳು. ಮರುದಿನ, ಸೋಮವಾರ, ಇಡೀ ದಿನ ಅವಳು ಹುಕ್ಕೇರಿಯ ಪಾಠ ಬರೆಯಲು ಕೂತಳು. ಮೂಲವನ್ನು ಕಾಪಾಡುವುದು ಹೇಗೆ ಎಂದು ಮೇಲೆ ಬರೆದು ಕೆಳಗೆ ಗೆರೆ ಎಳೆದಳು. ಒಂದು ಉದಾಹರಣೆ ಬೇಕಿತ್ತು. ಬೇರೆ ಊರಿನ, ಬೇರೆ ಕಾಲದ, ಬೇರೆ ಯಾರದೋ ಉದಾಹರಣೆ ಹುಡುಕಿದಳು. ಒಂದನ್ನು ಕಟ್ಟಿಯೂ ನೋಡಿದಳು: ಯಾವುದೋ ಜಿಲ್ಲೆ, ಯಾವುದೋ ಗಣಿ, ಒಬ್ಬ ಕೂಲಿಯವನು, ಮನೆಯ ಮುಂದೊಂದು ಬೇವಿನಮರ. ಮರ ಬರೆದ ಕೂಡಲೇ ವಾಕ್ಯ ಚೆಂದವಾಯಿತು. ಅವಳು ಹಾಳೆಯನ್ನು ಹರಿದು, ಹರಿದ ತುಂಡುಗಳನ್ನು ಮತ್ತೆ ಹರಿದು, ಒಲೆಗೆ ಹಾಕಿ, ಸುಟ್ಟು ಬೂದಿಯಾಗುವವರೆಗೂ ಅಲ್ಲೇ ನಿಂತಳು.

ಮಂಗಳವಾರ ಬೆಳಿಗ್ಗೆ ಬಾವಿಯ ನೀರು ಒಂದು ಗೇಣು ಕೆಳಗೆ ಹೋಗಿತ್ತು. ಕೊಡದ ಬಟ್ಟೆ ಬಿಚ್ಚಿ, ಸಣ್ಣ ಬಕೀಟಿನಲ್ಲಿ ಜಾಲಿಸಿ, ಹಗ್ಗ ಬಿಡುತ್ತ ಹೋದಳು. ಇಂದುಬಾಯಿ ಏನೂ ಅನ್ನುವ ಮುಂಚೆಯೇ ಇನ್ನಷ್ಟು ಬಿಟ್ಟಳು. ಎತ್ತರದಿಂದ ಬಿದ್ದರೆ ಜೀವಕ್ಕೆ ಪೆಟ್ಟಾಗುತ್ತದೆಂದು ಈ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಸಪ್ಪಳ ಬಂದ ಮೇಲೂ ಅವಳು ಹಗ್ಗ ಹಿಡಿದು ಸ್ವಲ್ಪ ಹೊತ್ತು ಬಗ್ಗಿಯೇ ನಿಂತಳು. ಕೆಳಗೆ ಕತ್ತಲಲ್ಲಿ ನೀರು ಅಲುಗಿ, ಆಮೇಲೆ ಸುಮ್ಮನಾಯಿತು.

ಒಳಗೆ ಬಂದು ಕಪಾಟಿನ ಕೆಳಗಿನ ಗೂಡಿನಿಂದ ಹಳೆಯ ವರದಿ ಪುಸ್ತಕಗಳ ಗಂಟು ತೆಗೆದಳು. ಏಪ್ರಿಲ್‌ದು ಸಿಗಲು ಹೊತ್ತಾಗಲಿಲ್ಲ. ಅದನ್ನು ಅವಳು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದಳು, ಕೆಳಗೇ ಇತ್ತು. ಕೆಂಪವ್ವ ಬೀರಸಿದ್ದಪ್ಪ ಎಂಬ ಹೆಸರಿನ ಮೇಲೆ ಬೆರಳಿನ ಜಿಡ್ಡು ಹಳದಿಗಟ್ಟಿ ಹಾಳೆಯ ಆಚೆ ಬದಿಗೂ ಇಳಿದಿತ್ತು. ಮುಂದಿನ ಪುಟದಲ್ಲಿ ಅವಳದೇ ಅಕ್ಷರದಲ್ಲಿ, ಹುಣಸೆಮರ ಎಂದು ಒಮ್ಮೆ ಬರೆದು, ಹೊಡೆದು ಹಾಕಿ, ಮತ್ತೆ ಬರೆದದ್ದು ಇತ್ತು. ಕೋರ್ಟಿನಲ್ಲಿ ಪುಸ್ತಕ ಕೇಳಿದರೆ ಅದನ್ನೂ ನೋಡುತ್ತಾರೆ. ಎದುರಿನ ವಕೀಲ ಅದನ್ನು ಗಟ್ಟಿಯಾಗಿ ಓದಿ, ಹೊಡೆದದ್ದು ಯಾಕೆ, ಮತ್ತೆ ಬರೆದದ್ದು ಯಾಕೆ ಎಂದು ಕೇಳುತ್ತಾನೆ. ಕೇಳಲಿ. ಆಮೇಲೆ ಪತ್ರಿಕೆಯವರು ಏನನ್ನುತ್ತಾರೆ, ಅಂಗಡಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಮೂಡಲಗಿ ದಾರಿಯಲ್ಲಿ ಇನ್ನೊಮ್ಮೆ ಯಾರು ಕೈ ಚಾಚುತ್ತಾರೆ ಎಂದು ಒಂದೊಂದಾಗಿ ಯೋಚಿಸಿದಳು. ಯೋಚಿಸಿದಷ್ಟೂ ಹೆದರಿಕೆ ಹೆಚ್ಚುತ್ತಲೇ ಹೋಯಿತು. ಅವಳು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು.

"ಹುಕ್ಕೇರಿಗೆ ಜೀಪ ಕಳಸ್ತಾರೇನು?" ಹೊರಗಿನಿಂದ ವರ್ಧಮಾನ ಕೇಳಿದ.

"ಇಲ್ಲರಿ. ಬಸ್ಸಿಗೆ ಹೋಗ್ತೀನಿ."

"ಕಾರ್ಡ ತುಂಬಿಟ್ಟ ಹೋಗವಾ ಮತ್ತ," ಎಂದು ಅವನು ನಕ್ಕ. "ತರಬೇತಿ ಆಗೇತಿ ನಿಂದು."

ಅವಳು ಗುಲಾಬಿ ಕಟ್ಟಿನಿಂದ ಒಂದು ಕಾರ್ಡು ಹರಿದು, ಗಡಿಯಾರದ ಕೆಳಗಿನ ಹಲಗೆಯ ಮೇಲೆ ಇಟ್ಟುಕೊಂಡು ಬರೆದಳು. ಎಲ್ಲಿಗೆ: ಹುಕ್ಕೇರಿ. ಯಾರನ್ನು ಕಾಣಲು: ಪ್ರಣಿತಾ. ಎಷ್ಟು ಹೊತ್ತಿಗೆ ವಾಪಸು: ಸಂಜೆ ಐದು. ಶಾಯಿ ಆರಲೆಂದು ಒಮ್ಮೆ ಊದಿ, ಗಾಳಿಗೆ ಹಾರದಂತೆ ಅದರ ಮೇಲೆ ಕುಂಕುಮದ ಭರಣಿ ಇಟ್ಟಳು. ಹುಕ್ಕೇರಿಯ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು, ಅದು ಅವಳಿಲ್ಲದೆ ಹೋಗುತ್ತದೆ. ಕೋರ್ಟು ತೆರೆಯುವುದು ಹನ್ನೊಂದಕ್ಕೆ, ಮನೆಯಿಂದ ನಡೆದರೆ ಹತ್ತು ನಿಮಿಷದ ದಾರಿ. ನಡುವಿನ ಹೊತ್ತನ್ನು ಎಲ್ಲಿ ಕಳೆಯುವುದೆಂದು ಅವಳಿಗೆ ಗೊತ್ತಿರಲಿಲ್ಲ. ಕೌಜಲಗಿಯ ಬಸ್ಸು ಬರುವ ಜಾಗದಲ್ಲಿ ನಿಲ್ಲಬಹುದು, ಒಂದು ಕಾಲು ಎಳೆದು ಇಳಿಯುವವಳಿಗೆ ಕೈ ಬೇಕಾಗಬಹುದು, ಅವಳು ಆ ಕೈ ಹಿಡಿಯದೆಯೂ ಇರಬಹುದು.

"ಹೊತ್ತ ಮುಳುಗೂದ್ರಾಗ ಬಾ," ಎಂದರು ಇಂದುಬಾಯಿ ಕಟ್ಟೆಯಿಂದ. "ಆಮ್ಯಾಲ ಉಪವಾಸ ಬೀಳತಿ."

"ಬರ್ತೀನ್ರಿ ಅತ್ತಿ," ಎಂದು ಶುಭಾಂಗಿ ಚಪ್ಪಲಿ ಮೆಟ್ಟಿದಳು.